ಹಿಂದುಮುಂದಾದ ಶಿಲುಬೆ

ಸ್ಕಾಟ್ಲೆಂಡಿನ ರುತ್‌ವೆಲ್ ಹಳ್ಳಿಯ ಶಿಲುಬೆ ಸುಮಾರು 18 ಅಡಿ ಎತ್ತರದ್ದು, 8ನೇ ಶತಮಾನದ್ದು. ಮೈತುಂಬ ಬೈಬಲ್ ಪ್ರಸಂಗಗಳು, ಪಕ್ಕಗಳಲ್ಲಿ ಬಳ್ಳಿ, ಹಕ್ಕಿ. ಅಂಚಿಗೆ ರೂನ್ ಎಂಬ ಉತ್ತರ ಯುರೋಪಿನ ಪ್ರಾಚೀನ ಲಿಪಿಯಲ್ಲಿ ಕೊರೆದ ಹಳೆಯ ಇಂಗ್ಲಿಷ್ ಪದ್ಯ. ಪದ್ಯದಲ್ಲಿ ಶಿಲುಬೆಯೇ ತನ್ನ ಕಥೆ ಹೇಳುತ್ತದೆ. ಇಷ್ಟು ಮಾತಾಡುವ ಕಲ್ಲನ್ನು ಸುಮ್ಮನೆ ಬಿಡುವುದುಂಟೆ? 1640ರಲ್ಲಿ, ಮೂರ್ತಿಪೂಜೆಯನ್ನು ಒಪ್ಪದ ಸ್ಕಾಟ್ಲೆಂಡಿನ ಪ್ರಾಟೆಸ್ಟಂಟ್ ಚರ್ಚಿನ ಮಹಾಸಭೆ ಇಂಥವನ್ನು ವಿಗ್ರಹಗಳೆಂದು ಸಾರಿತು, 1642ರಲ್ಲಿ ಇದನ್ನು ಕೆಡವಿದ್ದೂ ಆಯಿತು. ಭಕ್ತರು ಕೆಡವಿದ ತುಂಡುಗಳ ಮಗ್ಗುಲಲ್ಲೇ ಪ್ರಾರ್ಥನೆಗೆ ಕೂತರು. ಆಮೇಲೆ ತುಂಡುಗಳು ಅಂಗಳಕ್ಕೆ, ಮಳೆಗೆ.

ಮುಂದೆ ಬಂದರು ಉದ್ಧಾರಕರು. ಪಾದ್ರಿ ಹೆನ್ರಿ ಡಂಕನ್ (ಉಳಿತಾಯ ಬ್ಯಾಂಕಿನ ಹರಿಕಾರನೂ ಹೌದು) 1823ರಲ್ಲಿ ತುಂಡುಗಳನ್ನು ಜೋಡಿಸಿ ನಿಲ್ಲಿಸಿದ. ಅಡ್ಡತೋಳು ಸಿಕ್ಕಿರಲಿಲ್ಲ, ತನಗೆ ತೋಚಿದ ಚಿತ್ತಾರದ ಹೊಸತೊಂದನ್ನು ಮಾಡಿಸಿದ. ತುದಿಯ ಕಲ್ಲು ಸಿಕ್ಕಿತ್ತು, ಅದನ್ನು ಹಿಂದುಮುಂದಾಗಿ ಕೂರಿಸಿದ. ಅದು ಈಗಲೂ ಹಾಗೇ ನಿಂತಿದೆ. 1887ರಲ್ಲಿ, ವಿಗ್ರಹವೆಂದು ಒಡೆದ ಅದೇ ಚರ್ಚು ಇದಕ್ಕೆಂದೇ ಗರ್ಭಗುಡಿಯಂಥ ಒಂದು ಕೋಣೆ ಕಟ್ಟಿಸಿತು. ಶಿಲುಬೆಯ ಎತ್ತರಕ್ಕೆ ಕಟ್ಟಡ ಸಾಲದೆ ನೆಲವನ್ನೇ ಅಗೆದು ಬುಡವನ್ನು ಗುಂಡಿಗಿಳಿಸಿದರು.

ಅಂತೂ ಅದಕ್ಕೊಂದು ಸೂರಾದರೂ ಸಿಕ್ಕಿತು. ಇಂಗ್ಲೆಂಡಿನ ಎಷ್ಟೋ ಚರ್ಚಿನಂಗಳಗಳಲ್ಲಿ ಹಳೆಯ ಶಿಲುಬೆಗಳ ಮೆಟ್ಟಿಲು, ಕುಳಿ ಕೊರೆದ ಪೀಠ, ಮೊಂಡು ಕಂಬ, ಇಷ್ಟೇ ಉಳಿದಿರುವುದು. ಕೆಲವು ಮೊಂಡುಗಳ ನೆತ್ತಿಗೆ ನೆರಳುಗಡಿಯಾರ ಇಟ್ಟು ದುಡಿಮೆಗೂ ಹಚ್ಚಿದ್ದಾರೆ. ಇಂಥದ್ದನ್ನು ಪೂರ್ತಿ ಮುಗಿಸಬೇಕೆನ್ನುವವರು ಸುತ್ತಿಗೆ ಹಿಡಿಯಬೇಕಿಲ್ಲ, ಸಮಿತಿ ಮಾಡಿದರೆ ಸಾಕು. ಮೊದಲು ತಂತಿ ಬ್ರಷ್ಷಿನಿಂದ ಕಲ್ಲುಹೂವನ್ನು ಗಸಗಸ ಉಜ್ಜಿ; ಅದರ ಜೊತೆ ಉಳಿದಿದ್ದ ಮೂಗು, ಕಣ್ಣು, ಉಳಿಯ ಗುರುತು ಎಲ್ಲವೂ ಪುಡಿಯಾಗಿ ಉದುರುತ್ತವೆ. ಮುರಿದ ಕಂಬಕ್ಕೆ ಕಬ್ಬಿಣದ ಸರಳು ತೂರಿಸಿ. ನೀರಿಳಿದು ತುಕ್ಕು ಹಿಡಿದ ಕಬ್ಬಿಣ ಉಬ್ಬಿ ಕಲ್ಲನ್ನು ಒಳಗಿನಿಂದಲೇ ಸೀಳುತ್ತದೆ. ಕೆಡವಲು ಬಂದವರಿಗೂ ಇಷ್ಟು ನಾಜೂಕಿನ ಕೆಲಸ ಗೊತ್ತಿರಲಿಲ್ಲ. ಸಂದಿಗೆ ಸುಣ್ಣದ ಗಾರೆ ಬೇಡ, ಅದು ಕಲ್ಲಿಗಿಂತ ಮೆದು, ತೇವವನ್ನು ತನ್ನ ಮೂಲಕ ಹೊರಬಿಟ್ಟು ತಾನೇ ಸವೆಯುವ ಸಾಧು. ಗಟ್ಟಿ ಸಿಮೆಂಟನ್ನೇ ಮೆತ್ತಿ. ಹೊರದಾರಿ ಕಾಣದ ನೀರು ಮರಳುಗಲ್ಲಿನೊಳಗೆ ತಿರುಗಿ, ಚಳಿಗಾಲದಲ್ಲಿ ಹೆಪ್ಪುಗಟ್ಟಿ, ಸಂದಿಯ ಅಕ್ಕಪಕ್ಕದ ಕಲ್ಲನ್ನು ಪದರು ಪದರಾಗಿ ಎಬ್ಬಿಸುತ್ತದೆ. ಕೊನೆಗೆ ಕಲ್ಲು ಸವೆದು ಸಿಮೆಂಟು ಮಾತ್ರ ಏಣಿನಂತೆ ಎದ್ದು ನಿಂತಾಗ ಸಮಿತಿಯ ವರದಿ ಹೊರಬರುತ್ತದೆ: ಕಲ್ಲು ಕಳಪೆ, ಇನ್ನಷ್ಟು ಸಿಮೆಂಟು ಬೇಕು.