ಮೊದಲ ಪುಟ ಹರಿಯಬೇಡಿ
ಕೃತಿಸ್ವಾಮ್ಯದ (ಕಾಪಿರೈಟ್) ಬಗ್ಗೆ ನೀವು ಹಾಕಿದ ಲೇಖನ ಚೆನ್ನಾಗಿದೆ. ಆದರೆ ನೋಂದಣಿ ಮಾಡಿಸಿದರೆ ಮಾತ್ರ ಕೃತಿಸ್ವಾಮ್ಯ ಸಿಗುತ್ತದೆ ಎಂಬ ಸಾಲು ಸರಿಯಲ್ಲ. ನಮ್ಮ 1957ರ ಕಾಯ್ದೆಯ ಪ್ರಕಾರ ಬರೆದ ಕೂಡಲೇ ಹಕ್ಕು ಬರುತ್ತದೆ. ನೋಂದಣಿ ಕೋರ್ಟಿನಲ್ಲಿ ಸಾಕ್ಷಿಗೆ ಉಪಯೋಗ, ಅಷ್ಟೇ.

ನಾನು ಉಡುಪಿಯವಳು. ಅಪ್ಪ ಯಕ್ಷಗಾನ ಪ್ರಸಂಗ ಬರೆಯುತ್ತಾರೆ. ಸ್ವಂತ ದುಡ್ಡಿನಲ್ಲಿ ಅಚ್ಚು ಹಾಕಿಸಿದ ಒಂದು ಪ್ರಸಂಗ ಹೋದ ವರ್ಷ ವಾಟ್ಸಾಪಿನಲ್ಲಿ ಪಿಡಿಎಫ್ ಆಗಿ ಅವರಿಗೇ ಬಂತು. ಮೊದಲ ಪುಟವೇ ಇಲ್ಲ. ಕೊನೆಯ ಮಂಗಳ ಪದ್ಯದಲ್ಲಿದ್ದ ಹೆಸರನ್ನೂ ಅಳಿಸಿದ್ದರು. ಯಾರಾದರೂ ಪದ ಹಾಡಲಿ, ಆಟ ಆಡಲಿ, ಅಪ್ಪನಿಗೆ ಖುಷಿಯೇ. ಹೆಸರು ತೆಗೆದದ್ದಕ್ಕೆ ಮಾತ್ರ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಹಕ್ಕನ್ನು ಪೂರ್ತಿ ಮಾರಿದರೂ ಬರೆದವರು ತಾವೇ ಎಂದು ಹೇಳಿಕೊಳ್ಳುವ ಹಕ್ಕು ಲೇಖಕರ ಹತ್ತಿರವೇ ಉಳಿಯುತ್ತದೆ. ಕಾಯ್ದೆಯ 57ನೇ ಸೆಕ್ಷನ್ ಇರುವುದೇ ಅದಕ್ಕೆ.

ಹಂಚಲು ಹಳೆಯದು ಧಾರಾಳ ಇದೆ ಅಲ್ವಾ? ಬರೆದವರು ತೀರಿಕೊಂಡು 60 ವರ್ಷ ಆದ ಮೇಲೆ ಕೃತಿಸ್ವಾಮ್ಯ ಮುಗಿಯುತ್ತದೆ. ನಂದಳಿಕೆಯ ಮುದ್ದಣ ತೀರಿಕೊಂಡದ್ದು 1901ರಲ್ಲಿ. ಅವರು ಬರೆದದ್ದನ್ನು ಯಾರು ಬೇಕಾದರೂ ಹಂಚಬಹುದು. ಶಿವರಾಮ ಕಾರಂತರು ತೀರಿಕೊಂಡದ್ದು 1997ರಲ್ಲಿ. 60 ವರ್ಷದ ಲೆಕ್ಕದಲ್ಲಿ ಅವರ ಪುಸ್ತಕಗಳಿಗೆ 2057ರ ಕೊನೆಯವರೆಗೂ ರಕ್ಷಣೆ ಇದೆ.

ಅಪ್ಪನ ಪ್ರಸಂಗ ಬೇಕಿದ್ದವರು ನಮ್ಮನ್ನೇ ಕೇಳಿ. ಮೊದಲ ಪುಟ ಸಮೇತ ಕಳಿಸುತ್ತೇವೆ.