ಗೇರ್‌ಬಾಕ್ಸಿನ ಮುಚ್ಚಳವೂ ನಮ್ಮೂರ ಗ್ಯಾರಂಟಿಯೂ

ಹಳೆಯ ಗೇರ್‌ಬಾಕ್ಸ್ ಕೊಳ್ಳಲು ಹೋದವನ ಕೈಗೆ ಮಾರುವವನೇ ಸ್ಪ್ಯಾನರ್ ಕೊಟ್ಟು, “ಮೊದಲು ಮುಚ್ಚಳ ಬಿಚ್ಚಿ ನೋಡಿ, ದುಡ್ಡಿನ ಮಾತು ಆಮೇಲೆ” ಎಂದದ್ದನ್ನು ನಾನು ಜೀವಮಾನದಲ್ಲಿ ಮೊದಲ ಬಾರಿಗೆ ಕೇಳಿದ್ದು ಕಳೆದ ಅಕ್ಟೋಬರಿನಲ್ಲಿ, ಅಮೆರಿಕದ ಒಹಾಯೋ ರಾಜ್ಯದ ಒಂದು ಮೆಕ್ಕೆಜೋಳದ ಹೊಲದ ಬದಿಯ ಕೊಟ್ಟಿಗೆಯಲ್ಲಿ. ಆ ಮುದುಕ ನನ್ನನ್ನು ಅದಕ್ಕೆ ಹಿಂದೆ ಕಂಡವನಲ್ಲ. ನಾನು ತಪ್ಪು ಕೇಳಿಸಿಕೊಂಡೆನೇನೋ ಎಂದುಕೊಂಡು ಸುಮ್ಮನೆ ನಿಂತಿದ್ದರೆ, ಅವನು ಎಣ್ಣೆ ಹಿಡಿಯುವ ತಟ್ಟೆಯನ್ನೂ ಒಂದು ಹಳೆಯ ಟವೆಲನ್ನೂ ತಂದಿಟ್ಟು, ಕೂರಲು ಒಂದು ಬಕೆಟನ್ನು ಬೋರಲು ಹಾಕಿದ.

ನನ್ನ ಬಳಿ 1970ರ ಶೆವ್ರೊಲೆ ಸಿ-20 ಪಿಕಪ್ ಒಂದಿದೆ. ಅದರ ಗೇರ್‌ಬಾಕ್ಸನ್ನು ಬೆಲ್ ಹೌಸಿಂಗಿಗೆ, ಅಂದರೆ ಕ್ಲಚ್ಚನ್ನು ಮುಚ್ಚುವ ಕವಚಕ್ಕೆ, ಸೇರಿಸುವ ನಾಲ್ಕು ಬೋಲ್ಟುಗಳಲ್ಲಿ ಒಂದನ್ನು ಹಿಂದಿನ ಮಾಲೀಕ ಹಾಕದೆ ಬಿಟ್ಟಿದ್ದರಿಂದ ಬೋಲ್ಟು ಕೂರುವ ಒಂದು ಕಿವಿ ಬುಡದವರೆಗೂ ಬಿರುಕು ಬಿಟ್ಟಿತ್ತು. ಎರಕದ ಕಬ್ಬಿಣಕ್ಕೆ ವೆಲ್ಡಿಂಗ್ ಸುಲಭವಾಗಿ ಒಗ್ಗುವುದಿಲ್ಲವಾದ್ದರಿಂದ ಬೇರೆ ಪೆಟ್ಟಿಗೆಯನ್ನೇ ಹುಡುಕಬೇಕಾಯಿತು. ಬೇಕಾಗಿದ್ದದ್ದು ಎಸ್‌ಎಂ 465. ಪಕ್ಕದ ಇಂಡಿಯಾನಾ ರಾಜ್ಯದ ಮನ್ಸಿ ಎಂಬ ಊರಿನ ಹೆಸರಿನಿಂದ ಇಲ್ಲಿಯವರು ಕರೆಯುವ, 1968ರಿಂದ 1991ರವರೆಗೆ ಶೆವ್ರೊಲೆ ಮತ್ತು ಜಿಎಂಸಿ ಟ್ರಕ್ಕುಗಳಿಗೆ ಕೂರಿಸಿದ ನಾಲ್ಕು ಗೇರಿನ ಪೆಟ್ಟಿಗೆ. ಅದರ ಮೊದಲ ಗೇರಿನ ಅನುಪಾತ 6.55, ಅಂದರೆ ಎಂಜಿನ್ ಆರೂವರೆ ಸುತ್ತು ಸುತ್ತಿದರೆ ಹಿಂದಿನ ಶಾಫ್ಟ್ ಒಂದು ಸುತ್ತು. ಖಾಲಿ ಗಾಡಿಯಲ್ಲಿ ಆ ಗೇರನ್ನು ಮುಟ್ಟುವವರೇ ಇಲ್ಲ, ಎರಡನೆಯದರಲ್ಲೇ ಹೊರಡುತ್ತಾರೆ. ಎಂಬತ್ತು ಕಿಲೋ ಹತ್ತಿರ ತೂಗುವ ಅದನ್ನು ಒಬ್ಬನೇ ಎತ್ತಲು ಹೋದವನು ಮರುದಿನ ಹಾಸಿಗೆ ಬಿಟ್ಟು ಏಳುವುದಿಲ್ಲ.

ಇದಕ್ಕೆ ಒಂದೂವರೆ ವರ್ಷ ಹಿಂದೆ ರಜೆಗೆ ಊರಿಗೆ ಹೋಗಿದ್ದಾಗ, ಬಾಲ್ಯದ ಗೆಳೆಯನೊಬ್ಬ ತನ್ನ ತಂದೆಯ ಕಾಲದ ಲಾರಿಯನ್ನು ಮತ್ತೆ ಓಡಿಸುವ ಹುಮ್ಮಸ್ಸಿನಲ್ಲಿ ನನ್ನನ್ನು ಜಿಲ್ಲಾ ಕೇಂದ್ರದ ಗುಜರಿ ಸಾಲಿಗೆ ಕರೆದುಕೊಂಡು ಹೋಗಿದ್ದ. ಅಲ್ಲಿ ನಮಗೆ ತೋರಿಸಿದ ಗೇರ್‌ಬಾಕ್ಸ್ ಮದುವಣಗಿತ್ತಿಯಂತೆ ಸಿಂಗರಿಸಿಕೊಂಡು ಕುಳಿತಿತ್ತು. ಮೈತುಂಬ ಬೆಳ್ಳಿಬಣ್ಣ, ಬೋಲ್ಟಿನ ತಲೆಗಳ ಮೇಲೂ, ಹೆಸರು ಕೆತ್ತಿದ ತಗಡಿನ ಮೇಲೂ, ಆಯಿಲ್ ಸೀಲಿನ ರಬ್ಬರಿನ ಮೇಲೂ ಅದೇ ಬಣ್ಣ. ಮುಟ್ಟಿ ನೋಡಿದರೆ ಬೆರಳಿಗೆ ಅಂಟಿತು. ಮುಚ್ಚಳ ತೆಗೆದು ತೋರಿಸುತ್ತೀರಾ ಎಂದು ನಾನು ಕೇಳಿದ್ದೇ ತಡ, ಅಂಗಡಿಯವನ ಮುಖ ಸಣ್ಣದಾಯಿತು. “ಏನ್ ಸಾರ್, ನಮ್ಮ ಮೇಲೆ ನಂಬಿಕೆ ಇಲ್ವಾ? ಒಳಗೆಲ್ಲ ಕಂಪನಿ ಬೇರಿಂಗು. ಏನೇ ಆದ್ರೂ ನಾನಿದ್ದೀನಲ್ಲ ಸಾರ್, ಗ್ಯಾರಂಟಿ” ಎಂದ. ಗೆಳೆಯ ನನ್ನ ಮೊಣಕೈ ಹಿಡಿದು ಪಕ್ಕಕ್ಕೆ ಎಳೆದು, ಹಾಗೆಲ್ಲ ಕೇಳಬಾರದು, ಬೇಜಾರು ಮಾಡಿಕೊಳ್ಳುತ್ತಾರೆ ಎಂದು ಪಿಸುಗುಟ್ಟಿದ. ಹನ್ನೆರಡು ಬೋಲ್ಟು ಬಿಚ್ಚಿ ಹಾಕುವ ಕೆಲಸ ಒಬ್ಬನ ಮಾನದ ಪ್ರಶ್ನೆಯಾಗಿಬಿಟ್ಟಿತ್ತು. ಕಾಫಿ ಬಂತು, ಕುಡಿದೆವು, ಮುಚ್ಚಳ ಮುಚ್ಚಿದ್ದಂತೆಯೇ ದುಡ್ಡು ಕೈ ಬದಲಾಯಿಸಿತು.

ಆ ದಿನದ ಸಿಟ್ಟು ನನ್ನಲ್ಲಿ ಇನ್ನೂ ಇದೆ. ಯಂತ್ರವೊಂದರ ಗುಣವನ್ನು ಯಂತ್ರವನ್ನು ನೋಡಿ ತಿಳಿಯುವ ಬದಲು ಮಾರುವವನ ಮುಖ ನೋಡಿ ತಿಳಿಯಬೇಕೆಂಬ ನಮ್ಮ ರೂಢಿ ಎಷ್ಟು ಆಳವಾಗಿದೆಯೆಂದರೆ, ಪರೀಕ್ಷೆಗೆ ಇಳಿದವನೇ ಒರಟನೆನಿಸಿಕೊಳ್ಳುತ್ತಾನೆ. ತೆಂಗಿನಕಾಯಿಯನ್ನು ಕಿವಿಯ ಬಳಿ ಅಲ್ಲಾಡಿಸದೆ, ಬದನೆಕಾಯಿಯನ್ನು ಮಗುಚಿ ಹುಳುವಿನ ತೂತು ಹುಡುಕದೆ ಕೊಳ್ಳದ ಜನ ನಾವು, ಸಾವಿರಾರು ರೂಪಾಯಿಯ ಕಬ್ಬಿಣದ ಪೆಟ್ಟಿಗೆಯ ಮುಂದೆ ಮಾತ್ರ ಕೈಕಟ್ಟಿ ನಿಲ್ಲುತ್ತೇವೆ.

ಒಹಾಯೋದ ಕೊಟ್ಟಿಗೆಯ ಪೆಟ್ಟಿಗೆಗೆ ಬಣ್ಣವೇ ಇರಲಿಲ್ಲ. ಮೂವತ್ತು ವರ್ಷದ ಎಣ್ಣೆ, ಧೂಳು, ಇಲಿಯ ಹಿಕ್ಕೆ ಬೆರೆತು ಬೆರಳುದ್ದ ದಪ್ಪಗೆ ಗಟ್ಟಿಯಾಗಿ ಕೂತಿತ್ತು, ಮತ್ತು ಅದನ್ನು ಕಂಡು ನನಗೆ ಸಮಾಧಾನವೇ ಆಯಿತು, ಏಕೆಂದರೆ ಬಿರುಕು ಮುಚ್ಚಲು ಯಾರೂ ಆ ಕೊಳೆಯನ್ನು ಅಷ್ಟು ಸಹಜವಾಗಿ ಬಳಿಯಲಾರರು. ಮೊದಲು ಕಿವಿಗಳನ್ನು ಕೆರೆದು ನೋಡಿದೆ, ನಾಲ್ಕೂ ಗಟ್ಟಿಯಾಗಿದ್ದವು. ಮುಂಬದಿಯ ಶಾಫ್ಟನ್ನು ಹಿಡಿದು ಅಲ್ಲಾಡಿಸಿದೆ. ಅದು ತುಸು ಆಡಿದರೆ ಗಾಬರಿಪಡಬೇಕಾಗಿಲ್ಲ, ಏಕೆಂದರೆ ಗಾಡಿಯಲ್ಲಿದ್ದಾಗ ಅದರ ತುದಿಗೆ ಎಂಜಿನ್ ಕಡೆಯ ಪೈಲಟ್ ಬೇರಿಂಗ್ ಆಸರೆಯಾಗಿರುತ್ತದೆ. ನೋಡಬೇಕಾದದ್ದು ಆ ತುದಿ ಕಾದು ನೀಲಿಗಟ್ಟಿದೆಯೇ ಎಂಬುದನ್ನು, ಕ್ಲಚ್ ಪ್ಲೇಟ್ ಓಡಾಡುವ ಸ್ಪ್ಲೈನುಗಳಲ್ಲಿ, ಅಂದರೆ ಶಾಫ್ಟಿನ ಉದ್ದುದ್ದ ಹಲ್ಲುಗಳಲ್ಲಿ, ಮೆಟ್ಟಿಲು ಬಿದ್ದಿದೆಯೇ ಎಂಬುದನ್ನು, ಕ್ಲಚ್ಚಿನ ಬಿಡುಗಡೆ ಬೇರಿಂಗ್ ಜಾರುವ ಕೊಳವೆ ಗೀಚಿಹೋಗಿದೆಯೇ ಎಂಬುದನ್ನು. ಹಿಂಬದಿಯನ್ನೂ ಮರೆಯಬಾರದು: ನಾಲ್ಕು ಚಕ್ರಕ್ಕೂ ಶಕ್ತಿ ಕೊಡುವ ಟ್ರಕ್ಕಿನಿಂದ ಬಿಚ್ಚಿದ ಪೆಟ್ಟಿಗೆಯ ಹಿಂದಿನ ಶಾಫ್ಟ್ ಬೇರೆ, ಎರಡು ಚಕ್ರದ್ದು ಬೇರೆ. ಇದನ್ನು ಕೇಳದೆ ಕೊಂಡು ಮನೆಗೆ ತಂದು ತಲೆ ಚಚ್ಚಿಕೊಂಡವರು ನನಗೆ ಇಬ್ಬರು ಗೊತ್ತು.

ಆಮೇಲೆ ಎಣ್ಣೆ. ಮುದುಕ ಡ್ರೈನ್ ಪ್ಲಗ್ ಸಡಿಲಿಸಿದಾಗ ಕಪ್ಪು ಎಣ್ಣೆ ನೂಲಿನಂತೆ ತಟ್ಟೆಗೆ ಇಳಿಯಿತು. ಗೇರ್ ಆಯಿಲಿಗೆ ಗಂಧಕದ ಒಂದು ನಾತ ಇದ್ದೇ ಇರುತ್ತದೆ, ಅದು ದೋಷವಲ್ಲ. ಸುಟ್ಟ ವಾಸನೆ ಬಂದರೆ ದೋಷ, ಹಾಲಿನಂತೆ ಬೆಳ್ಳಗಾಗಿದ್ದರೆ ನೀರು ಸೇರಿದೆ ಎಂದರ್ಥ. ಅವನು ಟವೆಲಿನ ಮೂಲೆಗೆ ಒಂದಿಷ್ಟು ಎಣ್ಣೆ ಸವರಿ ಬಿಸಿಲಿಗೆ ಹಿಡಿದ. ಹೊಂಬಣ್ಣದ ಸಣ್ಣ ಮಿಂಚು ಕಂಡಿತು. ಆಯಸ್ಕಾಂತ ತಂದು ಅದರ ಮೇಲೆ ಆಡಿಸಿದ, ಮಿಂಚು ಅಲುಗಲಿಲ್ಲ. “ಹಿತ್ತಾಳೆ,” ಎಂದ, “ಸಿಂಕ್ರೋ ರಿಂಗ್ ಸವೆದಿದೆ. ಇದು ನನಗೂ ಗೊತ್ತಿರಲಿಲ್ಲ.” ಗೇರು ಬದಲಿಸುವಾಗ ಕೂಡುವ ಎರಡು ಭಾಗಗಳ ವೇಗವನ್ನು ಸರಿಹೊಂದಿಸುವ ಹಿತ್ತಾಳೆಯ ಬಳೆ ಅದು. ಆಯಸ್ಕಾಂತಕ್ಕೆ ಅಂಟುವ ಚೂರುಗಳು ಬಂದಿದ್ದರೆ ಹಲ್ಲೋ ಬೇರಿಂಗೋ ಪುಡಿಯಾಗಿದೆ ಎಂದಾಗುತ್ತಿತ್ತು, ಹಿತ್ತಾಳೆಯ ಪುಡಿ ಈ ವಯಸ್ಸಿನ ಪೆಟ್ಟಿಗೆಯಲ್ಲಿ ನರೆಗೂದಲಿದ್ದಂತೆ. ಆದರೂ ತನ್ನ ಸರಕಿನ ಕೊರತೆಯನ್ನು ತಾನೇ ಬಿಸಿಲಿಗೆ ಹಿಡಿದು ತೋರಿಸಿದ ವ್ಯಾಪಾರಿಯನ್ನು ನಾನು ಕಂಡದ್ದು ಅದೇ ಮೊದಲು. ಮುನ್ನೂರೈವತ್ತು ಡಾಲರ್ ಎಂದಿದ್ದವನು ತಾನಾಗಿಯೇ ಮುನ್ನೂರಕ್ಕೆ ಇಳಿಸಿದ.

ಮುಚ್ಚಳ ತೆಗೆದೆವು. ಹಿತ್ತಾಳೆ ರಿಂಗುಗಳನ್ನು ಗೇರಿನ ಶಂಕುವಿಗೆ ಒತ್ತಿ ಹಿಡಿದು, ನಡುವಿನ ಸಂದಿಗೆ ಫೀಲರ್ ಗೇಜ್ ಎಂಬ ಅಳತೆಯ ತೆಳು ತಗಡನ್ನು ತೂರಿಸಿ ನೋಡಿದೆ. ಎರಡನೆಯ ಗೇರಿನದು ಮುಗಿಯುತ್ತ ಬಂದಿತ್ತು, ಉಳಿದವು ಇನ್ನೂ ಬಾಳಿಕೆ ಬರುವಂತಿದ್ದವು. ರಿವರ್ಸ್ ಗೇರಿನ ಹಲ್ಲುಗಳ ತುದಿ ಅಲ್ಲಲ್ಲಿ ಚೆಕ್ಕೆ ಎದ್ದಿತ್ತು. ಗಾಡಿ ಪೂರ್ತಿ ನಿಲ್ಲುವ ಮೊದಲೇ ಹಿಂದಕ್ಕೆ ಹಾಕಿದ ಯಾರದೋ ಅವಸರದ ಗುರುತು ಅದು. ಮುಚ್ಚಳದ ಒಳಗಿನ, ಗೇರು ಬದಲಿಸುವ ಫೋರ್ಕುಗಳು ನೆಟ್ಟಗಿದ್ದವು. ಕೊನೆಗೆ ಸೀಮೆಸುಣ್ಣದಿಂದ ಹಿಂದಿನ ಶಾಫ್ಟಿಗೊಂದು ಗೆರೆ ಎಳೆದು, ಒಂದೊಂದೇ ಗೇರಿಗೆ ಹಾಕಿ ಮುಂದಿನ ಶಾಫ್ಟನ್ನು ಕೈಯಿಂದ ತಿರುಗಿಸಿದೆವು. ಮೊದಲನೆಯದರಲ್ಲಿ ಆರೂವರೆ ಸುತ್ತು ಕಳೆದು ತುಸು ಮುಂದೆ ಹೋಗುವಷ್ಟರಲ್ಲಿ ಗೆರೆ ಮತ್ತೆ ಮೇಲೆ ಬಂತು. ನಾಲ್ಕನೆಯದರಲ್ಲಿ ಎರಡು ತುದಿಗಳೂ ಸರಿಸಮ ತಿರುಗಿದವು. ಈ ಸಣ್ಣ ಲೆಕ್ಕವೊಂದಿದ್ದರೆ ಬೇರೆ ಮಾದರಿಯ ಪೆಟ್ಟಿಗೆಯನ್ನು ಇದೇ ಎಂದು ಯಾರೂ ತಲೆಗೆ ಕಟ್ಟಲಾರರು. 1968ಕ್ಕೆ ಮುಂಚಿನ ಎಸ್‌ಎಂ 420 ಆಗಿದ್ದರೆ ಏಳು ಸುತ್ತು ದಾಟಬೇಕಿತ್ತು. ಇಷ್ಟಕ್ಕೂ ಎರಡು ಗಂಟೆ ಹಿಡಿಯಿತು. ಆ ಎರಡು ಗಂಟೆಯಲ್ಲಿ ಅವನು ಒಮ್ಮೆಯೂ ನನ್ನ ಊರು ಯಾವುದು, ಕೆಲಸವೇನು, ಮಕ್ಕಳೆಷ್ಟು ಎಂದು ಕೇಳಲಿಲ್ಲ. ಅದು ಆಗ ನನಗೆ ಹಾಯೆನಿಸಿತ್ತು.

ಹಣ ಎಣಿಸಿ ಕೊಟ್ಟ ಮೇಲೆ ಒಂದು ಚೀಟಿಯಲ್ಲಿ ತಾರೀಖು, ಮೊತ್ತ ಬರೆದು ಕೆಳಗೆ ಎರಡೇ ಪದ ಸೇರಿಸಿದ: ‘ಆ್ಯಸ್ ಈಸ್’. ಇದ್ದುದು ಇದ್ದಂತೆ. ಈ ದೇಶದ ವ್ಯಾಪಾರದ ಕಾನೂನಿನಲ್ಲಿ ಆ ಎರಡು ಪದಗಳಿಗೆ ದೊಡ್ಡ ತೂಕವಿದೆ. ಅವುಗಳನ್ನು ಬರೆದ ಮೇಲೆ ಸರಕಿನ ಒಳ್ಳೆಯದು ಕೆಟ್ಟದ್ದೆಲ್ಲ ಕೊಂಡವನ ಪಾಲು. ಅದೂ ನ್ಯಾಯವೇ ಎನಿಸಿತು. ನೋಡಲು ಬಿಟ್ಟಿದ್ದಾನೆ, ನೋಡಿದ್ದೇನೆ. ಗಾಡಿ ಓಡಿಸಿಕೊಂಡು ಮನೆಗೆ ಬರುವಾಗ ದಾರಿಯುದ್ದಕ್ಕೂ ನಾನು ನಮ್ಮೂರ ಗುಜರಿಯವನೊಡನೆ ಮನಸ್ಸಿನಲ್ಲೇ ವಾದ ಮಾಡಿ ಗೆಲ್ಲುತ್ತಿದ್ದೆ.

ಪೆಟ್ಟಿಗೆಯನ್ನು ಕೂರಿಸಿ, ಹಿತ್ತಾಳೆಗೆ ಒಗ್ಗುವ ಜಿಎಲ್-4 ಎಣ್ಣೆ ತುಂಬಿ, ರಸ್ತೆಗಿಳಿದ ಮೂರನೆಯ ದಿನ, ಇಳಿಜಾರಿನಲ್ಲಿ ಆಕ್ಸಿಲರೇಟರಿನಿಂದ ಕಾಲು ತೆಗೆದೊಡನೆ ಮೂರನೆಯ ಗೇರು ತಾನಾಗಿ ಜಾರಿ ನ್ಯೂಟ್ರಲ್ಲಿಗೆ ಬಂತು. ಮತ್ತೆ ಹಾಕಿದೆ, ಮತ್ತೆ ಜಾರಿತು. ಗೇರನ್ನು ಕಚ್ಚಿ ಹಿಡಿಯುವ ತೋಳಿನ (ಜಾರುವ ಉಂಗುರದಂಥ ಸ್ಲೀವಿನ) ಒಳಹಲ್ಲುಗಳು ಸವೆದು ಇಳಿಜಾರಾಗಿದ್ದರೆ ಹೀಗಾಗುತ್ತದೆ. ಕೈಯಿಂದ ತಿರುಗಿಸುವಾಗ ಭಾರವಿಲ್ಲವಾದ್ದರಿಂದ ಅದು ತಿಳಿಯುವುದಿಲ್ಲ. ಮುಚ್ಚಳ ತೆಗೆದರೂ ಆ ಹಲ್ಲುಗಳು ತೋಳಿನ ಮರೆಯಲ್ಲೇ ಇರುತ್ತವೆ. ನಾನು ಎರಡು ಗಂಟೆ ಬಗ್ಗಿ ನೋಡಿದ್ದು ಅದೊಂದನ್ನು ಬಿಟ್ಟು ಉಳಿದೆಲ್ಲವನ್ನು. ಮುದುಕನಿಗೆ ಫೋನ್ ಮಾಡಿದೆ. ಅವನು ಪೂರ್ತಿ ಕೇಳಿಸಿಕೊಂಡು, ಪಾಪ ಎಂದು ಮರುಗಿ, ಒಳ್ಳೆಯದಾಗಲಿ ಎಂದು ಹಾರೈಸಿ ಫೋನ್ ಇಟ್ಟ. ಅವನ ಮಾತಿನಲ್ಲಿ ಎಳ್ಳಷ್ಟೂ ಕೊಂಕಿರಲಿಲ್ಲ. ಚೀಟಿ ನನ್ನ ಜೇಬಿನಲ್ಲೇ ಇತ್ತಲ್ಲ.

ಇಷ್ಟು ಹೇಳಿದ ಮೇಲೆ ಇನ್ನೊಂದನ್ನೂ ಹೇಳದೆ ಇರಲಾಗುವುದಿಲ್ಲ, ಹೇಳಲು ನನಗೆ ಅಷ್ಟೇನೂ ಮನಸ್ಸಿಲ್ಲದಿದ್ದರೂ. ನನ್ನ ಸೋದರಮಾವನ ಬಳಿ ನಕ್ಷತ್ರದ ಗುರುತಿನ ಹಳೆಯ ಲಾರಿಯೊಂದಿತ್ತು. ಟಾಟಾದವರು 1954ರಲ್ಲಿ ಡೈಮ್ಲರ್-ಬೆಂಝ್ ಜೊತೆ ಕೈಜೋಡಿಸಿ ತಯಾರಿಸತೊಡಗಿದ ಸಾಲಿನದು. ಕ್ಲಚ್ಚನ್ನು ಎರಡೆರಡು ಸಲ ತುಳಿದು, ಎಂಜಿನ್ನಿನ ದನಿ ಆಲಿಸಿ, ಮಾವ ಗೇರು ಬದಲಿಸುತ್ತಿದ್ದುದನ್ನು ನೋಡುವುದೇ ಒಂದು ಸೊಗಸು. ಅದಕ್ಕೂ ಒಮ್ಮೆ ಗುಜರಿಯ ಗೇರ್‌ಬಾಕ್ಸ್ ಹಾಕಿಸಿದ್ದರು, ಅದೂ ಮುಚ್ಚಳ ತೆಗೆಯದೆಯೇ. ತಿಂಗಳೊಳಗೆ ಎರಡನೆಯ ಗೇರು ಗೊರಗೊರ ಎನ್ನತೊಡಗಿತು. ಮಾವ ಕಾಗದ ಹಿಡಿದು ಹೋಗಲಿಲ್ಲ, ಕಾಗದವೇ ಇರಲಿಲ್ಲ. ಹೋಗಿ ಆ ಅಂಗಡಿಯ ಬೆಂಚಿನ ಮೇಲೆ ಕೂತರು. ಬಂದ ಗಿರಾಕಿಗಳಿಗೆಲ್ಲ ತಮ್ಮ ಕಥೆ ಹೇಳಿದರು. ಎರಡನೆಯ ದಿನ ಮಧ್ಯಾಹ್ನ ಅಂಗಡಿಯವನೇ ಊಟ ತರಿಸಿಕೊಟ್ಟು, ಬೈಯುತ್ತ ಬೈಯುತ್ತಲೇ ಬೇರೆ ಪೆಟ್ಟಿಗೆ ಇಳಿಸಿಕೊಟ್ಟ, ಕೂರಿಸುವ ಕೂಲಿಯನ್ನೂ ಅವನೇ ಕೊಟ್ಟ. ‘ನಾನಿದ್ದೀನಲ್ಲ’ ಎಂಬ ಮಾತಿಗೆ ಆ ಮಟ್ಟಿಗೆ ಬೆಲೆಯಿತ್ತು. ನನ್ನ ಗೆಳೆಯನ ಬೆಳ್ಳಿಬಣ್ಣದ ಪೆಟ್ಟಿಗೆಯೂ, ಇದನ್ನೂ ಹೇಳಿಬಿಡುತ್ತೇನೆ, ಈವರೆಗೆ ಸದ್ದಿಲ್ಲದೆ ಓಡುತ್ತಿದೆ.

ಹಾಗೆಂದು ಮುಚ್ಚಳ ತೆಗೆಯದೆ ಕೊಳ್ಳಲು ನಾನು ಈಗಲೂ ಒಪ್ಪುವವನಲ್ಲ. ತೋಳನ್ನೂ ಸಿಂಕ್ರೋ ರಿಂಗುಗಳನ್ನೂ ತರಿಸಿದ್ದೇನೆ, ಚಳಿ ಕಳೆದ ಮೇಲೆ ಬಿಚ್ಚಿ ಹಾಕಬೇಕು. ಅಲ್ಲಿಯವರೆಗೆ ಇಳಿಜಾರು ಬಂದಾಗಲೆಲ್ಲ ಬಲಗೈಯಿಂದ ಗೇರ್ ಲಿವರನ್ನು ಒತ್ತಿ ಹಿಡಿದುಕೊಂಡೇ ಓಡಿಸುತ್ತೇನೆ.

ಮೊನ್ನೆ ಎಂಬತ್ತು ದಾಟಿದ ಮಾವನಿಗೆ ಫೋನಿನಲ್ಲಿ ಇದನ್ನೆಲ್ಲ ವಿವರಿಸಿದೆ. ಮಾರಿದವನ ಮನೆ ಎಷ್ಟು ದೂರ ಎಂದು ಕೇಳಿದರು. ಎಪ್ಪತ್ತು ಮೈಲಿ ಎಂದೆ.

“ಅಷ್ಟೇ ತಾನೇ? ಹೋಗಿ ಅವನ ಜಗಲಿ ಮೇಲೆ ಕೂತ್ಕೊಳ್ಳೋ, ತಾನಾಗೇ ಕೊಡ್ತಾನೆ” ಎಂದರು.

ಇಲ್ಲಿ ಕರೆಯದೆ ಹೋಗಿ ಒಬ್ಬರ ಜಗಲಿಯ ಮೇಲೆ ಕೂತರೆ ಏನಾಗುತ್ತದೆ ಎಂಬುದನ್ನು ಅವರಿಗೆ ಹೇಳಲು ನನಗೆ ಬಾಯಿ ಬರಲಿಲ್ಲ. ಆಗಲಿ ಮಾವ ಎಂದೆ.