ಬಾಬಿ ಹೆಣ್ಣಾದರೆ ‘ಕಂಪನಿ’ ಅದೇ ನಾಟಕವೇ?

ಹಳೆಯ ಸಂಗೀತ ನಾಟಕವೊಂದು ಮತ್ತೆ ರಂಗಕ್ಕೆ ಬರುವಾಗ ಅದರ ನಾಯಕನನ್ನು ನಾಯಕಿಯಾಗಿ ಬದಲಿಸಬಹುದೇ? ಸ್ಟೀಫನ್ ಸೋಂಡ್‌ಹೈಮ್ ಹಾಡು ಮತ್ತು ಸಂಗೀತ, ಜಾರ್ಜ್ ಫರ್ತ್ ಮಾತು ಬರೆದ ‘ಕಂಪನಿ’ ನ್ಯೂಯಾರ್ಕಿನ ರಂಗಮಂದಿರಗಳ ನೆಲೆಯಾದ ಬ್ರಾಡ್‌ವೇಯಲ್ಲಿ ಮೊದಲು ಆಡಿದ್ದು 1970ರಲ್ಲಿ. ಹೆಸರು ಕೇಳಿದರೆ ನಮಗೆ ಕಂಪನಿ ನಾಟಕಗಳು ನೆನಪಾಗುತ್ತವೆ. ಇಲ್ಲಿ ಅದರ ಅರ್ಥ ಒಡನಾಟ. ಮೂವತ್ತೈದನೆಯ ಹುಟ್ಟುಹಬ್ಬದ ಹೊಸ್ತಿಲಲ್ಲಿರುವ ಅವಿವಾಹಿತ ಬಾಬಿ, ಅವನ ಸುತ್ತ ಐದು ಜೋಡಿ ಸ್ನೇಹಿತರು, ಮೂವರು ಗೆಳತಿಯರು. 2018ರಲ್ಲಿ ನಿರ್ದೇಶಕಿ ಮರಿಯಾನ್ ಎಲಿಯಟ್ ಲಂಡನ್ನಿನಲ್ಲಿ ಬಾಬಿಯನ್ನು ಹೆಣ್ಣು ಮಾಡಿದರು. ಆ ಪ್ರಯೋಗ ಬ್ರಾಡ್‌ವೇಗೂ ಬಂದಿತು. ಅದನ್ನು ಕಾದು ನೋಡಿದವರಲ್ಲಿ ಇಬ್ಬರು ಇಲ್ಲಿ ಬರೆದಿದ್ದಾರೆ.

ಪರ: ಆ ಪ್ರಶ್ನೆ ಕೇಳಿಸಿಕೊಂಡವಳು ನಾನು

2020ರ ಮಾರ್ಚ್ ಕೊನೆಯ ವಾರದ ಒಂದು ಟಿಕೆಟ್ ಇಪ್ಪತ್ತು ತಿಂಗಳು ನಮ್ಮ ಮನೆಯ ಫ್ರಿಜ್ ಬಾಗಿಲಿಗೆ ಅಂಟಿಕೊಂಡಿತ್ತು. ನ್ಯೂಜೆರ್ಸಿಯಿಂದ ರೈಲಿನಲ್ಲಿ ಹೋಗಿ, ಸಾಲಿನಲ್ಲಿ ನಿಂತು ತಂದದ್ದು. ಮಾರ್ಚ್ 22ಕ್ಕೆ ಸೋಂಡ್‌ಹೈಮ್ ಅವರಿಗೆ ತೊಂಬತ್ತು ತುಂಬುತ್ತಿತ್ತು. ಜೇಕಬ್ಸ್ ಥಿಯೇಟರಿನಲ್ಲಿ ‘ಕಂಪನಿ’ಯ ವಿಧ್ಯುಕ್ತ ಆರಂಭವೂ ಅದೇ ದಿನ ಎಂದು ಗೊತ್ತಾಗಿತ್ತು. ಮಾರ್ಚ್ 12ರಂದು ಕೊರೊನಾ ಬಂದು ಬ್ರಾಡ್‌ವೇಯ ಅಷ್ಟೂ ರಂಗಮಂದಿರಗಳು ಬಾಗಿಲು ಹಾಕಿದವು. ಟಿಕೆಟಿನ ಹಣ ವಾಪಸು ಬಂದರೂ ಆ ಕಾಗದವನ್ನು ಎಸೆಯಲು ಮನಸ್ಸು ಬರಲಿಲ್ಲ. ಅಡುಗೆ ಮಾಡುತ್ತಾ ಲಂಡನ್ ಪ್ರಯೋಗದ ಧ್ವನಿಮುದ್ರಿಕೆಯನ್ನು ಕೇಳುತ್ತಿದ್ದೆ. ಅಲ್ಲಿ ಬಾಬಿಯಾಗಿದ್ದ ರೋಸಲಿ ಕ್ರೇಗ್ ಯಾವ ಸಾಲಿನಲ್ಲಿ ಉಸಿರು ತೆಗೆದುಕೊಳ್ಳುತ್ತಾರೆ ಎಂಬುದೂ ನನಗೆ ಬಾಯಿಪಾಠವಾಯಿತು.

ಒಂದು ನಾಟಕಕ್ಕಾಗಿ ಇಷ್ಟು ಕಾತರ ಯಾಕೆ ಎಂದು ನನ್ನ ಗಂಡ ಕೇಳಿದ್ದರು. ಉತ್ತರ ನಾಟಕಕ್ಕಿಂತ ಹಿಂದಿನದು.

ನಾನು ಮದುವೆಯಾದದ್ದು ಮೂವತ್ತೇಳಕ್ಕೆ. ಅದಕ್ಕೆ ಮುಂಚಿನ ಹತ್ತು ವರ್ಷ ರಜೆಗೆ ಊರಿಗೆ ಹೋದಾಗ ಯಾವ ಕಲ್ಯಾಣ ಮಂಟಪಕ್ಕೆ ಕಾಲಿಟ್ಟರೂ, ಎಲೆಯ ಮುಂದೆ ಕುಳಿತ ಕೂಡಲೇ ಒಂದು ಮಾತು ಬರುತ್ತಿತ್ತು: ‘ನೀನು ನಮಗೆ ಊಟ ಹಾಕಿಸುವುದು ಯಾವಾಗಮ್ಮ?’ ಕೇಳುವವರು ಕೆಟ್ಟವರಲ್ಲ. ನನ್ನ ಸೋದರತ್ತೆ ಹಾಗೆ ಕೇಳಿದ ಮರುಕ್ಷಣವೇ ಬಡಿಸುವವರನ್ನು ಕೂಗಿ ನನ್ನ ಎಲೆಗೆ ಇನ್ನೊಂದು ಹೋಳಿಗೆ ಹಾಕಿಸಿ, ತುಪ್ಪ ಸುರಿಸುತ್ತಿದ್ದರು. ಅಕ್ಕರೆ, ವಿಚಾರಣೆ ಎರಡೂ ಒಂದೇ ಉಸಿರಿನಲ್ಲಿ. ಅದೇ ಪಂಕ್ತಿಯಲ್ಲಿ ನನ್ನ ಅಣ್ಣನೂ ಇರುತ್ತಿದ್ದ. ನನಗಿಂತ ಎರಡು ವರ್ಷ ದೊಡ್ಡವನು, ಅವನಿಗೂ ಮದುವೆಯಾಗಿರಲಿಲ್ಲ. ಅವನಿಗೆ ‘ಗಂಡು ಹುಡುಗ, ಏನವಸರ’ ಎನ್ನುತ್ತಿದ್ದರು.

‘ಕಂಪನಿ’ಯ ಐದು ಜೋಡಿಗಳೂ ನನ್ನ ಸೋದರತ್ತೆಯ ಹಾಗೆಯೇ. ಬಾಬಿಯನ್ನು ಪ್ರೀತಿಸುತ್ತಾರೆ, ಕರೆದು ಉಣಿಸುತ್ತಾರೆ, ನಡುವೆ ಚುಚ್ಚುತ್ತಾರೆ. 1970ರಲ್ಲಿ ಮೂವತ್ತೈದರ ಬ್ರಹ್ಮಚಾರಿ ಗಂಡಸನ್ನು ಸುತ್ತಲಿನವರು ಒಗಟಿನಂತೆ ನೋಡುತ್ತಿದ್ದರು. ಇಂದಿನ ನ್ಯೂಯಾರ್ಕಿನಲ್ಲಿ ಅಂಥವನನ್ನು ಯಾರೂ ತಿರುಗಿ ನೋಡುವುದಿಲ್ಲ. ಇಡೀ ನಾಟಕ ನಿಂತಿರುವುದು ‘ಯಾಕೆ ಇನ್ನೂ ಆಗಿಲ್ಲ?’ ಎಂಬ ಒಂದು ಒತ್ತಡದ ಮೇಲೆ. ಆ ಒತ್ತಡ ಈಗ ಗಂಡಿನ ಹೆಗಲಿನಿಂದ ಇಳಿದಿದೆ, ಹೆಣ್ಣಿನ ಹೆಗಲಿನಿಂದ ಇಳಿದಿಲ್ಲ. ಎಲಿಯಟ್ ಅವರು ಭಾರವನ್ನು ಹುಡುಕಿಕೊಂಡು ಹೋಗಿ, ಅದು ಎಲ್ಲಿದೆಯೋ ಅಲ್ಲಿ ನಾಟಕವನ್ನು ನಿಲ್ಲಿಸಿದರು. ನನ್ನ ಪಾಲಿಗೆ ಮರುಪ್ರಯೋಗದ ಕೆಲಸವೇ ಅದು.

ಹಾಡುಗಳಿಗೆ ಏನಾಯಿತು ಎಂದು ಕೇಳುವವರಿದ್ದಾರೆ. ಅಲ್ಲಲ್ಲಿ ಹೆಸರುಗಳು, ಸರ್ವನಾಮಗಳು, ಕೆಲವು ಸಾಲುಗಳು ಬದಲಾಗಿವೆ. ಆದರೆ ನಾಟಕದ ಜೀವಾಳವಾದ ಹಾಡುಗಳು ‘ನೀನು’ ಎಂದು ಮಾತನಾಡಿಸುವಂಥವು. ಕನ್ನಡದಲ್ಲೂ ‘ನೀನು ಬಂದೆ’ ಎಂದಾಗ ಬಂದದ್ದು ಗಂಡೋ ಹೆಣ್ಣೋ ಕ್ರಿಯಾಪದ ಹೇಳುವುದಿಲ್ಲ. ಕೊನೆಯ ‘ಬೀಯಿಂಗ್ ಅಲೈವ್’ ಹಾಡು ಹಾಗೆಯೇ: ನಿನ್ನನ್ನು ಬಿಗಿಯಾಗಿ ಹಿಡಿಯುವವರು, ನಿನ್ನ ನಿದ್ದೆ ಕೆಡಿಸುವವರು ಯಾರೋ ಒಬ್ಬರು ಎಂದು ದೂರಿನಂತೆ ಶುರುವಾಗಿ, ‘ನಿನ್ನನ್ನು’ ಎಂಬುದು ‘ನನ್ನನ್ನು’ ಆಗುವಲ್ಲಿ ಬೇಡಿಕೆಯಾಗುತ್ತದೆ. ಆ ತಿರುವಿಗೆ ಲಿಂಗವಿಲ್ಲ.

ಪಾತ್ರಗಳ ಹೊಸ ಹಂಚಿಕೆ ಎಷ್ಟು ಕೊಡಬಲ್ಲದು ಎಂಬುದಕ್ಕೆ ಒಂದೇ ದೃಶ್ಯ ಸಾಕು. ಮೂಲದಲ್ಲಿ ಏಮಿ ಎಂಬ ವಧು ಮದುವೆಯ ಬೆಳಿಗ್ಗೆ ಹೆದರಿ, ಉಸಿರು ಬಿಡದೆ ‘ನಾನು ಮದುವೆಯಾಗುವುದಿಲ್ಲ’ ಎಂದು ಹಾಡುತ್ತಾಳೆ. ಇಲ್ಲಿ ಏಮಿ ಜೇಮಿಯಾಗಿದ್ದಾನೆ. ಗಂಡಸು, ಪಾಲ್ ಎಂಬ ಗಂಡಸನ್ನೇ ಮದುವೆಯಾಗಬೇಕಾದವನು. ಇಂಥ ಮದುವೆಗೆ ಇಂಗ್ಲೆಂಡಿನಲ್ಲಿ ಕಾನೂನು ಒಪ್ಪಿದ್ದು 2014ರಲ್ಲಿ, ಇಡೀ ಅಮೆರಿಕದಲ್ಲಿ 2015ರಲ್ಲಿ. ಬೇಡಿ ಬೇಡಿ ಪಡೆದ ಹಕ್ಕು ಕೈಗೆ ಬಂದ ಬೆಳಿಗ್ಗೆಯೇ ‘ಇದು ನನಗೆ ಬೇಕೇ?’ ಎಂಬ ಭಯ. ಬಿಳಿ ಅಡುಗೆಮನೆ, ಅದರ ಕಪಾಟಿನಿಂದ ದಿಢೀರನೆ ಎದ್ದು ಬಂದು ಮಂಗಳಗೀತೆ ಹಾಡುವ ಪುರೋಹಿತೆ, ನಡುವೆ ಬೆವರುತ್ತಿರುವ ಜೇಮಿ. ಮ್ಯಾಟ್ ಡಾಯ್ಲ್ ಅದನ್ನು ಹಾಡಿ ಮುಗಿಸಿದಾಗ ನಮ್ಮ ಬಾಲ್ಕನಿ ಒಂದು ಕ್ಷಣ ಸುಮ್ಮನಿತ್ತು, ಆಮೇಲೆ ಛಾವಣಿ ಹಾರುವಂತೆ ಕೂಗಿತು. ಆ ಪಾತ್ರಕ್ಕೆ ಲಂಡನ್ನಿನಲ್ಲಿ ಜೊನಾಥನ್ ಬೈಲಿ ಅವರಿಗೆ ಆಲಿವಿಯರ್, ಇಲ್ಲಿ ಡಾಯ್ಲ್ ಅವರಿಗೆ ಟೋನಿ ಪ್ರಶಸ್ತಿ ಬಂದವು. ಪ್ರಶಸ್ತಿಯ ಮಾತು ಬಿಡಿ, ನನ್ನ ಪಕ್ಕದ ಸೀಟಿನ ವೃದ್ಧರು ಮುಖದ ಮಾಸ್ಕ್ ಸರಿಸಿ ಕಣ್ಣೊರೆಸಿಕೊಂಡದ್ದನ್ನು ನಾನು ಕಂಡೆ.

‘ಟಿಕ್ ಟಾಕ್’ ಎಂಬ ನೃತ್ಯಭಾಗವನ್ನು ಮೂಲದಲ್ಲಿ ಕುಣಿದವರು ಬಾಬಿಯ ಗೆಳತಿಯ ಪಾತ್ರದ ಡೋನಾ ಮೆಕೆಕ್ನಿ. ಇಲ್ಲಿ ಅದು ಕೆಂಪು ಉಡುಪಿನ ಬಾಬಿಯ ಕೆಟ್ಟ ಕನಸು. ಅವಳಂತೆಯೇ ಇರುವ ಇನ್ನಷ್ಟು ಬಾಬಿಗಳು ಅವಳೆದುರು ಬಂದು ಹೋಗುತ್ತಾರೆ. ಒಬ್ಬಳು ಬಸುರಿ, ಒಬ್ಬಳ ಕಂಕುಳಲ್ಲಿ ಮಗು. ಬಾಬಿಯಾಗಿದ್ದ ಕತ್ರಿನಾ ಲೆಂಕ್ ಹಾಸಿಗೆಯಲ್ಲಿ ಎದ್ದು ಕುಳಿತು ಅವರನ್ನೆಲ್ಲ ನೋಡುತ್ತಿದ್ದರೆ, ನನ್ನ ಮೂವತ್ತೈದನೆಯ ವರ್ಷದ ರಾತ್ರಿಗಳು ರಂಗದ ಮೇಲೆ ಬಂದು ನಿಂತ ಹಾಗಾಯಿತು.

ಕರ್ತೃವಿನ ಕೃತಿಗೆ ಕೈ ಹಾಕಿದರು ಎಂಬ ಆಕ್ಷೇಪವಂತೂ ಇಲ್ಲಿ ನಿಲ್ಲುವುದಿಲ್ಲ. ಸೋಂಡ್‌ಹೈಮ್ ಮೊದಲು ಹಿಂಜರಿದಿದ್ದರು. ಎಲಿಯಟ್ ಲಂಡನ್ನಿನಲ್ಲಿ ಒಂದು ಕಮ್ಮಟ ನಡೆಸಿ, ಅದನ್ನು ಚಿತ್ರೀಕರಿಸಿ ಕಳುಹಿಸಿದರು, ನೋಡಿ ಒಪ್ಪಿದರು. 2021ರ ನವೆಂಬರ್ 15ರಂದು ಪೂರ್ವಭಾವಿ ಪ್ರದರ್ಶನಗಳು ಮರಳಿ ಶುರುವಾದಾಗ ಅವರು ಪ್ರೇಕ್ಷಕರ ನಡುವೆ ಕುಳಿತಿದ್ದರು, ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ನವೆಂಬರ್ 26ರಂದು ಅವರು ತೀರಿಕೊಂಡರು. ಡಿಸೆಂಬರ್ 9ರ ವಿಧ್ಯುಕ್ತ ಆರಂಭಕ್ಕೆ ಅವರಿರಲಿಲ್ಲ. ನಾನು ಹೋದದ್ದು ಅದಾದ ಮೇಲಿನ ವಾರ, ಫ್ರಿಜ್ಜಿನ ಮೇಲಿದ್ದ ಹಳೆಯ ಟಿಕೆಟನ್ನೂ ಪರ್ಸಿನಲ್ಲಿ ಇಟ್ಟುಕೊಂಡು.

ವಿರೋಧ: ಕಂಸ ಕಂಸನಾಗಿಯೇ ಇದ್ದ

ಹೆಣ್ಣು ಗಂಡು ಪಾತ್ರ ಮಾಡಿದರೆ ಮುಖ ಸಿಂಡರಿಸುವವನು ನಾನಲ್ಲ. ಹಾಗೆ ಮಾಡಲು ನಾನು ಬೆಳೆದ ಸೀಮೆಯೇ ಬಿಡುವುದಿಲ್ಲ. ಆರ್. ನಾಗರತ್ನಮ್ಮನವರು 1958ರಲ್ಲಿ ಕಟ್ಟಿದ ಸ್ತ್ರೀ ನಾಟಕ ಮಂಡಳಿಯಲ್ಲಿ ಎಲ್ಲ ಪಾತ್ರಗಳೂ ಹೆಂಗಸರವೇ. ಹುಡುಗನಾಗಿದ್ದಾಗ ಅವರ ಕಂಸನನ್ನು ನೋಡಿದ್ದೇನೆ. ಪರದೆ ಮೇಲೆದ್ದಾಗ ದಪ್ಪ ಮೀಸೆ, ಎದೆಯ ಮೇಲೆ ಹೊಳೆಯುವ ಕವಚ. ಮೊದಲ ನಗೆಗೇ ನಾನು ಅಮ್ಮನ ಸೆರಗು ಹಿಡಿದುಕೊಂಡಿದ್ದೆ. ‘ಅವರು ಹೆಂಗಸು ಕಣೋ’ ಎಂದು ಅಮ್ಮ ಕಿವಿಯಲ್ಲಿ ಹೇಳಿದರೂ ನಂಬಲಿಲ್ಲ. ಕಂಸನ ಜೊತೆಗೆ ಭೀಮನನ್ನೂ ರಾವಣನನ್ನೂ ಮಾಡಿದ ಆ ಮಹಾನಟಿಗೆ 2012ರಲ್ಲಿ ಪದ್ಮಶ್ರೀ ಬಂದಾಗ ಊರಿನಲ್ಲಿ ಹಬ್ಬವಾದಷ್ಟು ಸಂತೋಷ ನನಗೆ.

ಅವರು ಕಂಸನಿಗಾಗಿ ತಮ್ಮನ್ನು ಬದಲಿಸಿಕೊಂಡರು, ತಮಗಾಗಿ ಕಂಸನನ್ನು ಬದಲಿಸಲಿಲ್ಲ. ನನ್ನ ತಕರಾರಿನ ತಿರುಳು ಇಷ್ಟೇ. ಪಾತ್ರಧಾರಿ ಬದಲಾಗುವುದು ಒಂದು, ಪಾತ್ರವೇ ಬದಲಾಗುವುದು ಇನ್ನೊಂದು. ‘ಕಂಪನಿ’ಯಲ್ಲಿ ಆದದ್ದು ಎರಡನೆಯದು. ಕನ್ನಡದಲ್ಲಿ ಬರೆದರೆ ಎರಡೂ ‘ಬಾಬಿ’ಯೇ, ಇಂಗ್ಲಿಷಿನಲ್ಲಿ ಕೊನೆಯ ಅಕ್ಷರಗಳು ಬೇರೆ. ಆ ಅಕ್ಷರಗಳ ಜೊತೆ ನಾಟಕದ ಒಳಗಿನ ಮೊಳೆಯೊಂದು ಸಡಿಲವಾಯಿತು.

ಯಾವ ಮೊಳೆ ಎಂದು ಹೇಳುತ್ತೇನೆ. ಕೊನೆಯ ಭಾಗದಲ್ಲಿ ಒಂದು ನೈಟ್‌ಕ್ಲಬ್. ಮೂರನೆಯ ಮದುವೆಯಲ್ಲಿರುವ, ಕುಡಿದಿರುವ, ವಯಸ್ಸಿನಲ್ಲಿ ಹಿರಿಯಳಾದ ಜೋಆನ್ ತನ್ನ ವರ್ಗದ ಹೆಂಗಸರ ಬಗ್ಗೆ ಕಹಿಯಾದ ಹಾಡು ಹಾಡುತ್ತಾಳೆ. ಗಂಡ ಲ್ಯಾರಿ ಬಿಲ್ ಕೊಡಲು ಎದ್ದು ಹೋದಾಗ ಬಾಬಿಯನ್ನು ನೇರವಾಗಿ ಹಾಸಿಗೆಗೆ ಕರೆಯುತ್ತಾಳೆ, ನಿನ್ನನ್ನು ನಾನು ನೋಡಿಕೊಳ್ಳುತ್ತೇನೆ ಎನ್ನುತ್ತಾಳೆ. ಬಾಬಿಯ ಬಾಯಿಂದ ತಾನಾಗಿ ಒಂದು ಮಾತು ಜಾರುತ್ತದೆ: ‘ಆದರೆ ನಾನು ಯಾರನ್ನು ನೋಡಿಕೊಳ್ಳಲಿ?’ ಅದುವರೆಗೆ ಐದೂ ಮನೆಗಳಲ್ಲಿ ಉಂಡು, ಎಲ್ಲರ ಅಕ್ಕರೆ ಪಡೆದು, ಯಾರಿಗೂ ಏನನ್ನೂ ಕೊಡದೆ ಬದುಕಿದ ಗಂಡಸು ಆ ಮಾತನ್ನು ಕೇಳಿ ತಾನೇ ಬೆಚ್ಚುತ್ತಾನೆ. ಅಲ್ಲಿಂದಲೇ ಕೊನೆಯ ಹಾಡು ಹುಟ್ಟುವುದು.

ಹೊಸ ಪ್ರಯೋಗದಲ್ಲಿ ಜೋಆನ್ ತನಗಾಗಿ ಕೇಳುವುದಿಲ್ಲ, ತನ್ನ ಗಂಡನನ್ನೇ ಬಾಬಿಯ ಕಡೆಗೆ ತಳ್ಳುತ್ತಾಳೆ. 2018ರ ಕೊನೆಯಲ್ಲಿ ಮಗಳ ಮನೆಗೆಂದು ಲಂಡನ್ನಿಗೆ ಹೋಗಿದ್ದಾಗ ಗೀಲ್ಗುಡ್ ಥಿಯೇಟರಿನಲ್ಲಿ ಇದನ್ನು ನೋಡಿದೆ. ಪ್ಯಾಟಿ ಲುಪೋನ್ ಅವರ ಹಾಡು ಅದ್ಭುತವಾಗಿತ್ತು. ಹಾಡು ಮುಗಿದು ಈ ಮಾತು ಬಂದಾಗ ನನಗೆ ಮೆಟ್ಟಿಲು ತಪ್ಪಿದಂತಾಯಿತು. ಒಂಟಿತನದಿಂದ ಕೈ ಚಾಚಿದ ಹೆಂಗಸು ಅಲ್ಲಿರಲಿಲ್ಲ, ಗಂಡನನ್ನು ದಾಟಿಸುವ ದಲ್ಲಾಳಿ ಇದ್ದಳು. ಅದಕ್ಕಿಂತ ದೊಡ್ಡ ನಷ್ಟ ಮುಂದಿನ ಸಾಲಿನದು. ‘ನಾನು ಯಾರನ್ನು ನೋಡಿಕೊಳ್ಳಲಿ?’ ಎಂದು ಹೆಣ್ಣು ಕೇಳಿದರೆ ಬೆಚ್ಚುವವರು ಯಾರು? ಹೆಣ್ಣು ಹುಟ್ಟಿದಾಗಿನಿಂದ ಅಪ್ಪ, ತಮ್ಮ, ಗಂಡ, ಮಗು ಎಂದು ನೋಡಿಕೊಳ್ಳುವ ಪಟ್ಟಿಯನ್ನು ಲೋಕ ಅವಳ ಕೈಗೆ ಕೊಟ್ಟೇ ಇರುತ್ತದೆ. ಗಂಡಿನ ಬಾಯಲ್ಲಿ ಹೊಸ ಅರಿವಾಗಿದ್ದ ಮಾತು ಹೆಣ್ಣಿನ ಬಾಯಲ್ಲಿ ಹಳೆಯ ಅಪ್ಪಣೆಯಾಗಿ ಕೇಳಿಸಿತು. ಹೆಣ್ಣಿನ ಪರವಾಗಿ ಮಾಡಿದ ಪ್ರಯೋಗ ಅವಳನ್ನು ಕೊನೆಗೆ ಅದೇ ಜಾಗದಲ್ಲಿ ತಂದು ನಿಲ್ಲಿಸಿದ್ದು ನನಗೆ ನಿಜವಾಗಿಯೂ ನೋವು ತಂದಿತು.

‘ಟಿಕ್ ಟಾಕ್’ ವಿಷಯವೂ ಇದೇ. ಮೂಲದಲ್ಲಿ ಬಾಬಿ ಯಾಕೆ ಮದುವೆಯಾಗಿಲ್ಲ ಎಂಬುದನ್ನು ನಾಟಕ ಹೇಳುವುದಿಲ್ಲ. ಸ್ನೇಹಿತರು ಹೇಳುತ್ತಾರೆ, ಪ್ರೇಕ್ಷಕರು ಊಹಿಸುತ್ತಾರೆ, ಬಾಬಿ ಸುಮ್ಮನಿರುತ್ತಾನೆ. ಐವತ್ತು ವರ್ಷ ಜನ ಅವನ ಬಗ್ಗೆ ಮಾತನಾಡಿದ್ದೇ ಆ ಮೌನದಿಂದಾಗಿ. ಹೊಸ ಬಾಬಿಗೆ ಮೌನದ ಹಕ್ಕೂ ಇಲ್ಲ. ಮೂವತ್ತೈದರ ಹೆಣ್ಣೆಂದರೆ ಗರ್ಭದ ಗಡಿಯಾರ ಎಂದು ನಾಟಕವೇ ತೀರ್ಮಾನ ಕೊಟ್ಟುಬಿಡುತ್ತದೆ. ಮಗುವಿನ ಚಿಂತೆಯಿಲ್ಲದೆಯೂ ಒಂಟಿಯಾಗಿರುವ ಹೆಂಗಸರು ನನ್ನ ಕುಟುಂಬದಲ್ಲೇ ಇಬ್ಬರಿದ್ದಾರೆ.

ಜೇಮಿಯ ಹಾಡಿಗೆ ನಾನೂ ಎದ್ದು ನಿಂತು ಚಪ್ಪಾಳೆ ತಟ್ಟಿದವನೇ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಒಂದು ಕೋಣೆ ಚೆನ್ನಾಗಿ ಕಟ್ಟಿದ್ದಾರೆಂದು ಮನೆಯ ತೊಲೆ ತೆಗೆದದ್ದನ್ನು ಒಪ್ಪಲಾಗದು.

ಕಾತರದ ಬಗ್ಗೆಯೂ ಒಂದು ಮಾತು. ಮರುಪ್ರಯೋಗದ ಸುದ್ದಿ ಬಂದಾಗ ಅಭಿಮಾನಿಗಳು ಈಗ ಮೊದಲು ಕೇಳುವುದು ‘ಯಾರನ್ನು ಹಾಕಿದ್ದಾರೆ?’ ಎಂದು. ಹೊಸ ಹಂಚಿಕೆಯ ಸುದ್ದಿಗೇ ಅರ್ಧ ಚಪ್ಪಾಳೆ ಬಿದ್ದಿರುತ್ತದೆ. ಹೆಣ್ಣಿನ ಕಥೆ ಬೇಕು ಎನ್ನುವ ಹಸಿವು ನಿಜವಾದದ್ದು. ಅದಕ್ಕೆ ಹೊಸ ಅಡುಗೆಯನ್ನೇ ಮಾಡಿ ಬಡಿಸಬೇಕು. 2015ರಲ್ಲಿ ‘ಫನ್ ಹೋಮ್’ ನಾಟಕಕ್ಕಾಗಿ ಜನೀನ್ ಟೆಸೋರಿ ಮತ್ತು ಲಿಸಾ ಕ್ರಾನ್ ಸಂಗೀತ-ಸಾಹಿತ್ಯದ ಟೋನಿ ಪಡೆದರು. ಆ ಗೌರವ ಪಡೆದ ಮೊದಲ ಮಹಿಳಾ ಜೋಡಿ ಅವರು. ಬ್ರಾಡ್‌ವೇಯ ಬಾಬಿಯಾದ ಕತ್ರಿನಾ ಲೆಂಕ್ ಅವರೇ 2018ರಲ್ಲಿ ಟೋನಿ ಗೆದ್ದದ್ದು ‘ದ ಬ್ಯಾಂಡ್ಸ್ ವಿಸಿಟ್’ನ ದೀನಾ ಪಾತ್ರಕ್ಕೆ; ಹೆಣ್ಣಿಗಾಗಿಯೇ ಬರೆದ ಪಾತ್ರ ಅದು. ಇಂಥವಕ್ಕೆ ಜನ ಇಪ್ಪತ್ತು ತಿಂಗಳು ಟಿಕೆಟ್ ಇಟ್ಟುಕೊಂಡು ಕಾಯುವುದನ್ನು ನೋಡಲು ನನಗೆ ಆಸೆ.

ಇನ್ನೊಂದು ಆಸೆಯೂ ಇದೆ. ಒಬ್ಬ ನಟಿ ಕೋಟು ತೊಟ್ಟು, ಟೈ ಕಟ್ಟಿ, 1970ರ ಬಾಬಿಯನ್ನು ಒಂದು ಅಕ್ಷರವೂ ಬದಲಿಸದೆ ಗಂಡಸಾಗಿಯೇ ಆಡಲಿ. ನಾಗರತ್ನಮ್ಮನವರು ಮೀಸೆ ಅಂಟಿಸಿಕೊಂಡು ಮಾಡಿದ್ದು ಅದನ್ನೇ. ಅಂಥ ಪ್ರಯೋಗದ ಸುದ್ದಿ ಬಂದ ದಿನ ಟಿಕೆಟಿನ ಸಾಲಿನಲ್ಲಿ ಮೊದಲು ನಿಲ್ಲುವವನು ನಾನೇ.